ಡೇರೆ ಎಲ್ಲಿ ಹಾಕೋದು?

9 ಡಿಸೆಂಬರ್ 2025, ಮಂಗಳವಾರ
ತುಮಕೂರು

ಶನಿವಾರ ರಾತ್ರಿ ಎಲ್ಲಿ ಮಲಗೋದು ಅನ್ನುವುದೇ ಇನ್ನೂ ತೀರ್ಮಾನ ಆಗಿಲ್ಲ. ಮಗಳಿಗೆ ಜೆಮಿನಿಡ್ ಉಲ್ಕೆ ನೋಡಬೇಕು. 13ರ ರಾತ್ರಿ ಜೋರಂತೆ, ಚಂದ್ರ ಹುಟ್ಟೋದೂ ನಡುರಾತ್ರಿ ದಾಟಿದ ಮೇಲೆ, ಒಳ್ಳೆ ಕತ್ತಲಿದ್ದರೆ ಗಂಟೆಗೆ 100ಕ್ಕೂ ಜಾಸ್ತಿ ಬೀಳುತ್ತವಂತೆ. ನಮ್ಮ ತಾರಸಿಯಿಂದ ನಾಲ್ಕು ಕಂಡರೆ ಪುಣ್ಯ. ಎದುರಿನ ಕಲ್ಯಾಣಮಂಟಪದವರು ಲೈಟು ಆರಿಸುವ ಹೊತ್ತಿಗೆ ಬೆಳಗಾಗಿರುತ್ತೆ.

ಇವರದು ಒಂದೇ ಹಟ, ದೇವರಾಯನದುರ್ಗ. ಹತ್ತಿರ, ಎತ್ತರ, ನಾಮದ ಚಿಲುಮೆಯಲ್ಲಿ ತಿಂಡಿ ತಿಂದು ಬರಬಹುದು, ಸರಿ. ಆದರೆ ಅದು ಕಾಡು ಸ್ವಾಮಿ, ಚಿರತೆ ಇದೆ, ಕರಡಿ ಇದೆ, ಕತ್ತಲಾದ ಮೇಲೆ ಡೇರೆ ಹಾಕಿಕೊಳ್ಳಿ ಅಂತ ಯಾರು ಬಿಡುತ್ತಾರೆ? ಮೇಲೆ ಹೋದರೂ ಕೆಳಗೆ ತುಮಕೂರಿನ ದೀಪಗಳೇ. ನನಗೆ ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರು ಮನಸ್ಸಿನಲ್ಲಿತ್ತು. ಶಿಂಷಾ ನೀರು, ಡ್ಯಾಮು ತುಂಬಿದರೆ ತಾನಾಗೇ ನೀರು ಹೊರಗೆ ಬಿಡೋ ಆ ಸೈಫನ್ನು, ಎದ್ದ ಕೂಡಲೇ ಎದುರಿಗೆ ನೀರು. ಫೋಟೋ ನೋಡಿ ನೋಡಿ ಆಸೆ ಹುಟ್ಟಿದ್ದು ಅಷ್ಟೆ. ಫೋಟೋ ಹಾಕುವವರು ಶೌಚಾಲಯ ಎಲ್ಲಿದೆ ಅಂತ ಮಾತ್ರ ಬರೆಯೋದಿಲ್ಲ. ನಮಗೆ ಮೊದಲು ಬೇಕಾಗಿರೋದೇ ಅದು.

ಸಂಜೆ ರಾಗಿ ಕಣದ ವಿಷಯಕ್ಕೆ ದೊಡ್ಡಪ್ಪ ಫೋನ್ ಮಾಡಿದ್ದರು. ಮಾತಿಗೆ ಮಾತು ಬಂದು ಇದನ್ನೂ ಹೇಳಿದೆ. ನಕ್ಕುಬಿಟ್ಟರು. "ಬಯಲಲ್ಲಿ ಮಲಗೋಕೆ ದುಡ್ಡು ಕೊಟ್ಟು ಡೇರೆ ತಗೊಂಡ್ಯೇನಮ್ಮ?" ಕಡ್ಲೆಕಾಯಿ ಹೊಲಕ್ಕೆ ಹಂದಿ ಬರುತ್ತೆ ಅಂತ ವರ್ಷಾನುಗಟ್ಟಲೆ ಹೊಲದಲ್ಲೇ ಮಲಗಿದವರು ಅವರು. ನೋಡೋಕೆ ಚೆನ್ನಾಗಿರೋ ಜಾಗ ಬೇಕು ದೊಡ್ಡಪ್ಪ ಅಂದೆ. "ಕತ್ತಲಲ್ಲಿ ನಿನಗೇನು ಕಾಣುತ್ತೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಒಂದೊಂದೇ ಶುರು ಮಾಡಿದರು. ನೀರಿನ ಪಕ್ಕ, ಕೆರೆ ಅಂಗಳ ಎರಡೂ ಬೇಡ, ಚಳಿ ತಗ್ಗು ಹುಡುಕಿಕೊಂಡು ಇಳಿಯುತ್ತೆ, ಬೆಳಗ್ಗೆ ಕಂಬಳಿ ಹಿಂಡಬೇಕಾಗುತ್ತೆ. ದಿಬ್ಬದ ನೆತ್ತಿಯೂ ಬೇಡ, ಗಾಳಿ ಬಿಡೋದಿಲ್ಲ. ನೆತ್ತಿಗಿಂತ ಒಂಚೂರು ಕೆಳಗೆ, ಮೊದಲ ಬಿಸಿಲು ಬೀಳೋ ಮಗ್ಗುಲಲ್ಲಿ ಮಲಗು. ಬಂಡೆ ಸಂದಿ ಬೇಡ, ಚೇಳು. ತೆಂಗಿನ ತೋಟ ಆಗಬಹುದಾ ಅಂದರೆ, "ಮಟ್ಟೆ ಬಿದ್ದರೆ ಡೇರೆಯೂ ಇಲ್ಲ ನೀನೂ ಇಲ್ಲ." ಕೊನೆಗೆ, "ಯಾರ ಜಾಗ ಅದು? ಕೇಳಿದ್ದೀಯಾ?" ಇಷ್ಟು ದಿನ ಮನೆಯಲ್ಲಿ ಮ್ಯಾಪು ಹಿಡಿದು ಜಗಳ ಆಡಿದ್ದೇವಲ್ಲ, ಈ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

ನಮ್ಮ ಹೊಲಕ್ಕೇ ಬನ್ನಿ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಪಕ್ಕದಲ್ಲಿ ಕೋಳಿ ಫಾರಂ ಆಗಿದೆಯಂತೆ, ರಾತ್ರಿಯಿಡೀ ಲೈಟು, ವಾಸನೆ ಬೇರೆ. ನಡುನಡುವೆ ಕೆಮ್ಮುತ್ತಿದ್ದರು. ಯಾವಾಗಿಂದ ಅಂದರೆ ಕಣದ ಧೂಳು ಅಂತಾರೆ. ಹೋದ ತಿಂಗಳೂ ಹೀಗೇ ಕೆಮ್ಮುತ್ತಿದ್ದರು, ಆಗ ಯಾವ ಕಣ ಇತ್ತು? ಅಣ್ಣನಿಗೆ ಹೇಳಬೇಕು.

ಮೈದನಹಳ್ಳಿ ಹೆಸರು ಎತ್ತಿದ್ದೂ ಅವರೇ. ಮಧುಗಿರಿ ದಾಟಿ ಆಂಧ್ರದ ಗಡಿ ಕಡೆಗೆ, ಕೃಷ್ಣಮೃಗ ಇರೋ ಹುಲ್ಲುಗಾವಲು. 2007ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದರು, 798 ಎಕರೆ. ಬೆಟ್ಟ ಇಲ್ಲ, ಜಲಪಾತ ಇಲ್ಲ, ಸಪಾಟು ನೆಲ. ಅಂದರೆ ಆಕಾಶಕ್ಕೆ ಅಡ್ಡ ಏನೂ ಇಲ್ಲ. ಆದರೆ ಹುಲ್ಲಿನ ನಡುವೆ ಡೇರೆ ಹಾಕಿ ಆ ಪ್ರಾಣಿಗಳನ್ನು ಬೆದರಿಸೋಕೆ ನನಗಂತೂ ಮನಸ್ಸಿಲ್ಲ. ಅರಣ್ಯ ಇಲಾಖೆಯವರು ಎಲ್ಲಿ ಅನ್ನುತ್ತಾರೋ ಅಲ್ಲೇ. ಇಲ್ಲ ಅಂದರೆ ಹೊರಗೆ ಹಳ್ಳಿಯಲ್ಲಿ ಯಾರದಾದರೂ ಕೊಯ್ದ ಹೊಲ, ಅವರನ್ನು ಕೇಳಿಕೊಂಡು. ನಾಳೆ ಬೆಳಗ್ಗೆ ಆಫೀಸಿಗೆ ಫೋನ್ ಮಾಡಬೇಕು.

ಇವರಿಗೆ ಇನ್ನೂ ಹೇಳಿಲ್ಲ. ದುರ್ಗ ಬೇಡ ಅಂದ ತಕ್ಷಣ ಮುಖ ಊದುತ್ತೆ, ಊಟ ಆದ ಮೇಲೆ ಹೇಳೋಣ ಅಂದರೆ ಆಗಲೇ ಮಗಳು ಅಜ್ಜಿಯನ್ನೂ ಕರೆದುಬಿಟ್ಟಿದ್ದಾಳೆ, ಅತ್ತೆಗೆ ಆ ಮಂಡಿನೋವಿನಲ್ಲಿ ನೆಲದ ಮೇಲೆ ಮಲಗಿ ಏಳೋದು