ಕೊನೆಗೆ ನೀವು ಯಾರ ಪಕ್ಷ ಮಾರಾಯ್ರೆ?

ತಿಂಗಳಿಗೊಮ್ಮೆ ಉಡುಪಿಯ ನಮ್ಮ ಮನೆ ಮಹಡಿಯಲ್ಲಿ ಬಿಳಿ ಪಂಚೆ ಕಟ್ಟಿ ಸಿನಿಮಾ ಹಾಕುತ್ತೇನೆ. ಹದಿನೈದು ಜನ ಬರುತ್ತಾರೆ, ಮಳೆ ಜಾಸ್ತಿಯಾದರೆ ಆರು. ಜೈಲಿನ ಸಿನಿಮಾ ಹಾಕಿದ ದಿನ ಗೋಳಿಬಜೆ ಮುಗಿಯುವ ಮೊದಲೇ ಯಾರಾದರೂ ಕೇಳುತ್ತಾರೆ: "ಅಲ್ಲ ಮಾರಾಯ್ರೆ, ಕೊನೆಗೆ ನೀವು ಯಾರ ಪಕ್ಷ? ಬಾಂಬು ಇಡುವವರದ್ದಾ?"

'ಹಂಗರ್' ಹಾಕಿದಾಗಂತೂ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ಸ್ಟೀವ್ ಮೆಕ್ವೀನ್ ಮಾಡಿದ 2008ರ ಸಿನಿಮಾ, ಕಥೆ ಉತ್ತರ ಐರ್ಲೆಂಡಿನದು. ಬ್ರಿಟನ್ ಜೊತೆಗೇ ಇರೋಣ ಅನ್ನುವವರು, ಐರ್ಲೆಂಡಿಗೆ ಸೇರೋಣ ಅನ್ನುವವರು ಮೂವತ್ತು ವರ್ಷ ಹೊಡೆದಾಡಿ 3,500ಕ್ಕೂ ಹೆಚ್ಚು ಜನ ಸತ್ತರು. ಐರ್ಲೆಂಡಿಗೆ ಸೇರಲೇಬೇಕೆಂದು ಬಂದೂಕು, ಬಾಂಬು ಹಿಡಿದು ಜೈಲಿಗೆ ಬಿದ್ದ ಐಆರ್‌ಎಯವರು ನಾವು ಕಳ್ಳರಲ್ಲ, ರಾಜಕೀಯ ಖೈದಿಗಳು ಎಂದು ಹಟ ಹಿಡಿದು, 1976ರಿಂದ ಜೈಲಿನ ಬಟ್ಟೆ ಬಿಟ್ಟು ಕಂಬಳಿ ಸುತ್ತಿಕೊಂಡರು, ಆಮೇಲೆ ಗೋಡೆಗೆ ಮಲ ಬಳಿದರು, ಅದೂ ಸಾಲದೆ ಊಟ ಬಿಟ್ಟರು. ಅವರಲ್ಲೊಬ್ಬ ಬಾಬಿ ಸ್ಯಾಂಡ್ಸ್ ಉಪವಾಸದ ನಡುವೆಯೇ ಬ್ರಿಟಿಷ್ ಸಂಸತ್ತಿಗೆ ಆರಿಸಿ ಬಂದ. 1981ರ ಮೇ 5ಕ್ಕೆ, 66ನೆಯ ದಿನ, ಸತ್ತ. ಪ್ರಾಯ 27. ಅವನ ಹಿಂದೆ ಇನ್ನೂ ಒಂಬತ್ತು ಜನ ಹೋದರು.

ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಊರಿನವರು ಈ ಪ್ರಶ್ನೆ ಕೇಳುತ್ತಾರಲ್ಲ ಎಂದೇ ನನಗೆ ಆಶ್ಚರ್ಯ. ಗದಾಯುದ್ಧ ಪ್ರಸಂಗದಲ್ಲಿ ಕೌರವನ ಅರ್ಥ, ಅಂದರೆ ಅವನ ಪಾತ್ರದ ಮಾತು, ಚೆನ್ನಾಗಿ ಬಂದರೆ ಸರೋವರದ ದಡದಲ್ಲಿ ನಿಂತ ಭೀಮನೇ ಸಣ್ಣವನಾಗಿ ಕಾಣುತ್ತಾನೆ. ಹಾಗಂತ ಮುಗಿದ ಮೇಲೆ ಅರ್ಥಧಾರಿಯನ್ನು ಹಿಡಿದು "ನೀವು ಕೌರವರ ಪಕ್ಷವಾ" ಅಂತ ಯಾರಾದರೂ ಕೇಳಿದ್ದುಂಟಾ? 'ಹಂಗರ್'ನ ನಡುವೆ ಸ್ಯಾಂಡ್ಸ್ ಮತ್ತು ಒಬ್ಬ ಪಾದ್ರಿ ಮೇಜಿನ ಆಚೀಚೆ ಕೂರುತ್ತಾರೆ. ಹದಿನೇಳು ನಿಮಿಷ ಕ್ಯಾಮೆರಾ ಅಲುಗುವುದಿಲ್ಲ. ಇದು ಆತ್ಮಹತ್ಯೆ ಅಲ್ವಾ ಎಂದು ಪಾದ್ರಿ ಕೆಣಕುತ್ತಾನೆ, ಇವನು ಬಗ್ಗುವುದಿಲ್ಲ. ಅದು ತಾಳಮದ್ದಳೆಯೇ, ಚೆಂಡೆ ಇಲ್ಲ ಅಷ್ಟೇ.

ಸಿನಿಮಾ ಶುರುವಾಗುವುದು ಖೈದಿಯಿಂದಲೂ ಅಲ್ಲ. ಒಬ್ಬ ಕಾವಲುಗಾರ ಗೆಣ್ಣು ಒಡೆದ ಕೈಯನ್ನು ನೀರಿನಲ್ಲಿ ಮುಳುಗಿಸುತ್ತಾನೆ, ಮನೆಯಿಂದ ಹೊರಡುವಾಗ ಬಗ್ಗಿ ಕಾರಿನಡಿ ಬಾಂಬು ಇದೆಯಾ ನೋಡುತ್ತಾನೆ. ಖೈದಿಗಳಿಗೆ ಹೊಡೆದೇ ಆ ಗಾಯ. ಅವನನ್ನೂ ಮುಂದೆ ತಾಯಿಯ ಎದುರೇ ಗುಂಡಿಕ್ಕಿ ಕೊಲ್ಲುತ್ತಾರೆ.

ನನ್ನದೂ ಒಂದು ತಕರಾರಿದೆ. ಪೇಟೆಗೆ ಹೋಗಿ ಬಾಂಬಿಗೆ ಸಿಕ್ಕಿ ಸತ್ತವರು ಇಲ್ಲಿ ಕಾಣುವುದೇ ಇಲ್ಲ. ಅವರಿಗೆ ಜೈಲುಕೋಣೆ ಇಲ್ಲವಲ್ಲ, ಕ್ಯಾಮೆರಾ ಎಲ್ಲಿ ಇಡುವುದು?

'ಇನ್ ದ ನೇಮ್ ಆಫ್ ದ ಫಾದರ್' ಹಾಕಿದ ದಿನ ಮಾತ್ರ ಯಾರೂ ಪಕ್ಷ ಕೇಳಲಿಲ್ಲ, ಎಲ್ಲರೂ ಅತ್ತರು. ಮಾಡದ ತಪ್ಪಿಗೆ 1989ರವರೆಗೆ ಜೈಲಿನಲ್ಲಿದ್ದವರ ಕಥೆ. ಅದರಲ್ಲಿ ಅಪ್ಪ ಮಗ ಒಂದೇ ಕೋಣೆಯಲ್ಲಿರುತ್ತಾರೆ, ನಿಜದಲ್ಲಿ ಹಾಗಿರಲಿಲ್ಲ. ಅಳಿಸಲಿಕ್ಕೆ ಮಾಡಿದ್ದು, ಇರಲಿ ಬಿಡಿ. ನಿರಪರಾಧಿಗೆ ಅಳುವುದು ಸುಲಭ. ಸ್ಯಾಂಡ್ಸ್ ಬಂದೂಕಿನ ಕೇಸಲ್ಲೇ ಒಳಗೆ ಹೋದವನು. ಅವನ ಎಲುಬು ನೋಡುವಾಗಲೂ ಕರುಳು ಚುರುಕ್ ಅನ್ನುತ್ತದಲ್ಲ, ಆಗ ಪಕ್ಷದ ಪ್ರಶ್ನೆ ಬಾಯಿಗೆ ಬರುತ್ತದೆ.

ಕಳೆದ ಸಲ ಒಬ್ಬ ಹುಡುಗಿ ಬೇರೆಯೇ ಕೇಳಿದಳು: "ಅಂಕಲ್, ನಮ್ಮಲ್ಲಿ ಇಂಥದ್ದು ಆದದ್ದು ಉಂಟಾ?" ನಟಿ ಸ್ನೇಹಲತಾ ರೆಡ್ಡಿ ನೆನಪಾದರು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಹಿಡಿದು ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಬೆಂಗಳೂರಿನ ಜೈಲಿನಲ್ಲಿಟ್ಟರು. ಅಸ್ತಮಾ ಇತ್ತು. ಪೆರೋಲ್ ಮೇಲೆ ಬಿಟ್ಟು ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಹೋದರು. ಆ ಜೈಲಿನ ಜಾಗ ಈಗ ಫ್ರೀಡಂ ಪಾರ್ಕ್.

ಅವಳಿಗೆ ಆವತ್ತು ಹೇಳಲಿಲ್ಲ. ಮುಂದಿನ ತಿಂಗಳು 'ಸಂಸ್ಕಾರ' ಹಾಕುತ್ತೇನೆ. ಅದು ಜೈಲಿನ ಸಿನಿಮಾ ಅಲ್ಲ, ಗೊತ್ತು. ಮೊದಲು ಚಂದ್ರಿಯ ಮುಖ ನೋಡಲಿ, ಆಮೇಲೆ ಆ ಚಂದ್ರಿ ಯಾರು ಅಂತ ಹೇಳೋಣ ಅಂತ.