ಸಂಕಷ್ಟಿ ದಿನ ಗಡಿಯಾರ ಯಾಕಿಷ್ಟು ನಿಧಾನ?

‘ಮೊನ್ನೆ ತಾನೆ ಸಂಕಷ್ಟಿ ಆಯ್ತಲ್ಲ, ಮತ್ತೆ ಬಂತಾ?’ ಕ್ಯಾಲೆಂಡರ್ ಹಾಳೆ ತಿರುವುವಾಗ ಮನೆಯಲ್ಲಿ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ. ತಿಂಗಳು ಹೋಗಿದ್ದೇ ಗೊತ್ತಾಗಿರುವುದಿಲ್ಲ. ಅದೇ ವ್ಯಕ್ತಿಯನ್ನು ಸಂಕಷ್ಟಿ ದಿನ ಸಾಯಂಕಾಲ ಮಾತಾಡಿಸಿ ನೋಡಿ. ‘ಅಯ್ಯೋ, ಇನ್ನೂ ಏಳು ಗಂಟೆನಾ?’ ಅನ್ನುತ್ತಾರೆ. ತಿಂಗಳು ಓಡುತ್ತದೆ, ಆ ಒಂದು ದಿನ ಮಾತ್ರ ಕೂತಲ್ಲಿಂದ ಏಳುವುದಿಲ್ಲ.

ಹುಣ್ಣಿಮೆ ಕಳೆದ ಮೇಲೆ ಬರುವ ಚೌತಿ ಸಂಕಷ್ಟಿ. ಬೆಳಗ್ಗೆಯಿಂದ ಉಪವಾಸ, ಸಂಜೆ ಗಣಪನಿಗೆ ಪೂಜೆ, ರಾತ್ರಿ ಚಂದ್ರನನ್ನು ನೋಡಿ ಅರ್ಘ್ಯ ಕೊಟ್ಟು ಆಮೇಲೆ ಊಟ. ವ್ರತ ಇಷ್ಟೇ. ಆದರೆ ಬೇರೆ ಉಪವಾಸಗಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಏಕಾದಶಿ ಮಾಡಿದವರಿಗೆ ಮರುದಿನ ಬೆಳಗ್ಗೆ ಪಾರಣೆ. ಶಿವರಾತ್ರಿ ಜಾಗರಣೆ ಕೂತವರಿಗೆ ಬೆಳಕು ಹರಿದರೆ ಮುಗಿಯಿತು. ಸೂರ್ಯ ನಂಬಿಕಸ್ಥ. ಇವತ್ತಿಗೂ ನಾಳೆಗೂ ಒಂದು ನಿಮಿಷ ಆಚೀಚೆ ಆದರೆ ಹೆಚ್ಚು. ಸಂಕಷ್ಟಿಯ ಊಟ ಇರುವುದು ಚಂದ್ರನ ಕೈಯಲ್ಲಿ, ಅವನಿಗೆ ಹೊತ್ತುಗೊತ್ತು ಅನ್ನುವುದೇ ಇಲ್ಲ. ಹುಣ್ಣಿಮೆ ದಿನ ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ ಬರುವ ಅವನು, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡುತ್ತಾ ಹೋಗುತ್ತಾನೆ. ಚೌತಿ ಹೊತ್ತಿಗೆ ರಾತ್ರಿಯಾಗಿರುತ್ತದೆ. ದಸರಾ, ದೀಪಾವಳಿ ಸಮಯದಲ್ಲಿ ಎಂಟೂವರೆ ಸುಮಾರಿಗೇ ಬಂದು ಪುಣ್ಯ ಕಟ್ಟಿಕೊಳ್ಳುತ್ತಾನೆ. ಬೇಸಿಗೆಯ ಕೊನೆಯಲ್ಲಿ ಹತ್ತು ದಾಟಿಸಿಬಿಡುವುದೂ ಉಂಟು. ಉಳಿದ ದಿನ ಯಾರೂ ಕಣ್ಣೆತ್ತಿ ನೋಡದ ‘ಚಂದ್ರೋದಯ’ ಎಂಬ ಸಣ್ಣಕ್ಷರದ ಸಾಲನ್ನು ಅವತ್ತು ಮನೆಮಂದಿಯೆಲ್ಲ ಸರದಿಯಲ್ಲಿ ಓದುತ್ತಾರೆ, ಓದುತ್ತಾ ಓದುತ್ತಾ ಅದೇನಾದರೂ ಬೇಗ ಆದೀತೇನೋ ಅನ್ನೋ ಹಾಗೆ.

ಪಂಚಾಂಗದ ಆ ಹೊತ್ತೂ ಎಲ್ಲ ಊರಿಗೂ ಒಂದೇ ಅಲ್ಲ. ಬೆಂಗಳೂರು, ಮಂಗಳೂರು ಒಂದೇ ಅಡ್ಡಗೆರೆಯ ಮೇಲಿರುವ ಊರುಗಳು. ಆದರೆ ಮಂಗಳೂರು ಪಶ್ಚಿಮಕ್ಕಿದೆಯಲ್ಲ, ಅಲ್ಲಿ ಚಂದ್ರ ಹುಟ್ಟುವುದು ಹತ್ತು ಹನ್ನೊಂದು ನಿಮಿಷ ತಡ. ಘಟ್ಟದ ಬುಡದಲ್ಲೇ ಮನೆ ಇರುವವರ ಕಷ್ಟ ಇನ್ನೂ ಜಾಸ್ತಿ. ಲೆಕ್ಕದ ಪ್ರಕಾರ ಚಂದ್ರ ಹುಟ್ಟಿ ಎಷ್ಟೋ ಹೊತ್ತಾಗಿರುತ್ತದೆ, ಆದರೆ ಪೂರ್ವಕ್ಕೆ ಗುಡ್ಡ ಅಡ್ಡ ನಿಂತಿರುತ್ತದೆ. ಬೆಂಗಳೂರಿನಲ್ಲಿ ಆ ಗುಡ್ಡದ ಕೆಲಸವನ್ನು ಎದುರಿನ ಅಪಾರ್ಟ್‌ಮೆಂಟ್ ಮಾಡುತ್ತದೆ. ‘ನಿಮಗೆ ಕಾಣಿಸ್ತಾ?’ ‘ನಮಗಿನ್ನೂ ಇಲ್ಲ, ನೀವು ಊಟ ಮಾಡಿ.’ ಅಕ್ಕತಂಗಿಯರ ನಡುವೆ ಅವತ್ತು ರಾತ್ರಿ ಓಡಾಡುವ ಫೋನೆಲ್ಲ ಇದೇ. ಸುಮ್ನೆ ಹನ್ನೊಂದು ನಿಮಿಷ ಅಂದರೆ ಏನೂ ಅಲ್ಲ. ಬೆಳಗ್ಗೆಯಿಂದ ಖಾಲಿ ಇರುವ ಹೊಟ್ಟೆಯನ್ನು ಕೇಳಿ, ಅದು ಬೇರೆ ಲೆಕ್ಕ ಹೇಳುತ್ತದೆ.

ಉಪವಾಸದ ದಿನದಲ್ಲಿ ಹೊತ್ತು ಒಂದೇ ಸಮ ಹೋಗುವುದಿಲ್ಲ. ಬೆಳಗ್ಗೆ ಏನೂ ಅನ್ನಿಸುವುದಿಲ್ಲ. ತಿಂಡಿ ಮಾಡುವ, ತಿನ್ನುವ, ತೊಳೆಯುವ ಕೆಲಸ ಇಲ್ಲದೆ ಬೇಗ ಮನೆ ಬಿಡಬಹುದು. ಮಧ್ಯಾಹ್ನ ಇದ್ದಕ್ಕಿದ್ದಂತೆ ಒಂದು ಗಂಟೆ ಕೈಗೆ ಸಿಗುತ್ತದೆ. ಊಟದ ಹೊತ್ತು ಅಷ್ಟು ಉದ್ದ ಇದೆ ಅಂತ ಊಟ ಬಿಟ್ಟ ದಿನವೇ ಗೊತ್ತಾಗುವುದು. ನಿಜವಾದ ಪರೀಕ್ಷೆ ನಾಲ್ಕರ ನಂತರ. ಆಫೀಸಿನಲ್ಲಿ ಪಕ್ಕದವರು ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಸದ್ದು ಆ ತುದಿಯಿಂದ ಈ ತುದಿಗೆ ಕೇಳಿಸುತ್ತದೆ. ಒಂದು ಮೇಲ್ ಬರೆದು, ನೀರು ಕುಡಿದು, ಯಾರ ಹತ್ತಿರವೋ ಮಾತಾಡಿ ಬಂದು ನೋಡಿದರೆ ಹತ್ತೇ ನಿಮಿಷ ಕಳೆದಿರುತ್ತದೆ. ಹೊತ್ತನ್ನು ಕಾದಷ್ಟೂ ಅದು ಹಿಗ್ಗುತ್ತದೆ. ಮನಸ್ಸಿನ ಬಗ್ಗೆ ಅಧ್ಯಯನ ಮಾಡಿದವರೂ ಇದನ್ನೇ ಹೇಳುತ್ತಾರೆ: ಗಮನ ಸಮಯದ ಮೇಲೇ ಇದ್ದರೆ ಸಮಯ ಉದ್ದ ಅನ್ನಿಸುತ್ತದೆ, ಗಮನ ಬೇರೆ ಕಡೆ ಹೋದರೆ ಗಿಡ್ಡವಾಗುತ್ತದೆ. ನಮ್ಮ ಅಜ್ಜಿಯರು ಯಾವ ಅಧ್ಯಯನವನ್ನೂ ಓದಿದವರಲ್ಲ. ಆದರೂ ಸಂಕಷ್ಟಿಯ ಕೆಲಸಗಳನ್ನೆಲ್ಲ ಹಸಿವು ಜೋರಾಗುವ ಹೊತ್ತಿಗೇ ಇಟ್ಟಿದ್ದಾರೆ ನೋಡಿ.

ಗರಿಕೆಯನ್ನೇ ತಗೊಳ್ಳಿ. ಮಾರ್ಕೆಟ್ಟಿನಿಂದ ತಂದ ಕಟ್ಟು ಬಿಚ್ಚಿದರೆ ಅರ್ಧ ಹುಲ್ಲು, ಅರ್ಧ ಮಣ್ಣು. ಅದನ್ನು ತಟ್ಟೆಗೆ ಹರವಿ, ನೀರಲ್ಲಿ ಜಾಲಾಡಿ, ಒಂದೊಂದೇ ಕಡ್ಡಿ ಎತ್ತಿ ನೋಡಬೇಕು. ತುದಿಯಲ್ಲಿ ಮೂರು ಎಸಳು ಸರಿಯಾಗಿ ಬಿಚ್ಚಿಕೊಂಡಿರುವುದು ಬೇಕು. ಒಂದು ಎಸಳು ಮುರಿದಿದ್ದರೆ ಪಕ್ಕಕ್ಕೆ. ಹಳದಿ ತಿರುಗಿದ್ದರೆ ಪಕ್ಕಕ್ಕೆ. ಬೇರಿನ ಕಡೆ ಉಗುರಲ್ಲಿ ಚಿವುಟಿ ಎಲ್ಲವನ್ನೂ ಒಂದೇ ಅಳತೆಗೆ ತಂದು, 21 ಆದ ಮೇಲೆ ದಾರ ಸುತ್ತಿ ಕಟ್ಟಬೇಕು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಹದಿಮೂರೋ ಹದಿನಾಲ್ಕೋ ಅಂತ ಮೊದಲಿಂದ ಶುರು. ಉಗುರಿನ ಸಂದಿಯಲ್ಲಿ ಹಸಿರು ಕೂರುತ್ತದೆ, ಕೈಗೆ ಹುಲ್ಲಿನ ವಾಸನೆ ಹತ್ತುತ್ತದೆ. ತಲೆ ಎತ್ತಿ ನೋಡಿದರೆ ಮುಕ್ಕಾಲು ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ಆರಿಸಿ ತೊಳೆದು ಕಟ್ಟಿದ ಗರಿಕೆಯೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಸಮಯ ಉಳಿಯುತ್ತದೆ ನಿಜ. ಆದರೆ ಸಂಕಷ್ಟಿ ಸಂಜೆ ಉಳಿದ ಸಮಯದಷ್ಟು ಕಷ್ಟದ್ದು ಇನ್ನೊಂದಿಲ್ಲ! ನಾನಂತೂ ಮಣ್ಣಿನ ಕಟ್ಟನ್ನೇ ತರುವ ಪೈಕಿ.

ಉಪವಾಸ ಅಂದ ಮೇಲೆ ಒಂದು ಮಾತು ಹೇಳಿಬಿಡಬೇಕು. ನೀರೂ ಮುಟ್ಟದವರು ಇದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಹಣ್ಣು ಹಾಲಿನಲ್ಲಿ ಇರುವವರು ಇದ್ದಾರೆ. ‘ಅನ್ನ ಮಾತ್ರ ಮುಟ್ಟಲ್ಲ’ ಅಂತ ಅವಲಕ್ಕಿ, ಸಬ್ಬಕ್ಕಿ ವಡೆ, ಬಾಳೆಹಣ್ಣು, ಮೇಲೊಂದು ಲೋಟ ಬಾದಾಮಿ ಹಾಲು ಮುಗಿಸಿ ‘ತುಂಬಾ ಸುಸ್ತು’ ಅನ್ನುವವರೂ ಇದ್ದಾರೆ. ಮಜಾ ಏನೆಂದರೆ ಇವರಿಗೂ ದಿನ ಉದ್ದವೇ. ಹಸಿವೊಂದೇ ಕಾರಣ ಆಗಿದ್ದರೆ ಹಾಗಾಗಬಾರದಿತ್ತು, ಅಲ್ವಾ? ಬೇರೆ ದಿನ ನಮಗೆ ಹಸಿದಾಗ ಊಟ, ಬೇಕಾದಾಗ ಕಾಫಿ. ಹೊತ್ತು ನಮ್ಮ ಕೈಯಲ್ಲಿದೆ ಅಂದುಕೊಂಡಿರುತ್ತೇವೆ. ಸಂಕಷ್ಟಿ ದಿನ ಆ ಅಧಿಕಾರವನ್ನು ನಾವೇ ಎತ್ತಿ ಗಣಪನ ಪಾದದ ಹತ್ತಿರ ಇಡುತ್ತೇವೆ. ಇವತ್ತಿನ ದಿನ ಯಾವಾಗ ಮುಗಿಯಬೇಕು ಅಂತ ನೀನೇ ಹೇಳು ಅಂತ. ಕೊಟ್ಟ ಮೇಲೆ ಕೈ ಸುಮ್ಮನಿರುವುದಿಲ್ಲ, ಅದು ಬೇರೆ ಮಾತು. ಅದಕ್ಕೇ ಆ ಪರದಾಟ. ನನಗೆ ಈ ವ್ರತದಲ್ಲಿ ಹಸಿವಿಗಿಂತ ದೊಡ್ಡದಾಗಿ ಕಂಡಿರುವುದು ಇದು.

ಚಂದ್ರನಿಗೇ ಈ ಕೆಲಸ ಒಪ್ಪಿಸಿದ್ದರಲ್ಲೂ ಒಂದು ತಮಾಷೆ ಇದೆ. ಕಥೆ ಎಲ್ಲರಿಗೂ ಗೊತ್ತು. ಹೊಟ್ಟೆ ತುಂಬ ಕಡುಬು ತಿಂದು ಇಲಿಯ ಮೇಲೆ ಹೊರಟ ಗಣಪ ಬಿದ್ದ, ಹೊಟ್ಟೆ ಒಡೆಯಿತು, ಹಾವನ್ನು ಎಳೆದು ಸುತ್ತಿಕೊಂಡ. ಮೇಲಿನಿಂದ ಚಂದ್ರ ನಕ್ಕ, ಶಾಪ ತಿಂದ. ಅದಕ್ಕೇ ಭಾದ್ರಪದದ ಚೌತಿ ದಿನ ಅವನ ಮುಖ ನೋಡುವ ಹಾಗಿಲ್ಲ, ಅಪ್ಪಿತಪ್ಪಿ ನೋಡಿದರೆ ಶಮಂತಕ ಮಣಿಯ ಕಥೆ ಕೇಳಬೇಕು. ಅದೇ ಚಂದ್ರನನ್ನು ಸಂಕಷ್ಟಿ ದಿನ ನೋಡದೆ ತುತ್ತು ಎತ್ತುವ ಹಾಗಿಲ್ಲ. ತುಂಬಿದ ಹೊಟ್ಟೆಯನ್ನು ನೋಡಿ ನಕ್ಕವನನ್ನು ಖಾಲಿ ಹೊಟ್ಟೆಯವರು ಕಾಯುತ್ತಾ ನಿಲ್ಲುತ್ತಾರೆ. ಶಾಪ ಕೊಟ್ಟ ಗಣಪನೇ ಅವನಿಗೆ ತಿಂಗಳಿಗೊಂದು ದಿನ ಇಷ್ಟು ದೊಡ್ಡ ಮರ್ಯಾದೆ ಕೊಟ್ಟುಬಿಟ್ಟಿದ್ದಾನೆ.

ದೇವಸ್ಥಾನದಲ್ಲಿ ಸಮಯದ ಆಟ ಇನ್ನೊಂದು ಥರ. ಇಡಗುಂಜಿ, ಆನೆಗುಡ್ಡೆ, ಬಸವನಗುಡಿಯ ದೊಡ್ಡ ಗಣಪತಿ, ಎಲ್ಲೇ ಹೋಗಿ, ಸಂಕಷ್ಟಿ ಸಂಜೆ ಜನ. ಅದರಲ್ಲೂ ಮಂಗಳವಾರ ಬಿದ್ದು ಅಂಗಾರಕ ಸಂಕಷ್ಟಿ ಆದರೆ ಕೇಳುವುದೇ ಬೇಡ. ಸಾಲಿನಲ್ಲಿ ಒಂದೊಂದೇ ಹೆಜ್ಜೆ. ಮುಂದಿನವರ ಕೈಯಲ್ಲಿರುವ ಗರಿಕೆ ಮಾಲೆ ಬಾಡುವುದನ್ನು ನೋಡುತ್ತಾ ನಿಲ್ಲಬೇಕು. ಕೊನೆಗೆ ಎದುರು ಬಂದರೆ ಸಿಗುವುದು ಎಷ್ಟು ಹೊತ್ತು? ಹತ್ತು ಹದಿನೈದು ಸೆಕೆಂಡ್. ಅಷ್ಟು ಕಾದು ಬಂದವರು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಗಮನಿಸಿದ್ದೀರಾ? ಕಣ್ಣು ಮುಚ್ಚುತ್ತಾರೆ! ನೋಡುವುದಕ್ಕೆಂದೇ ಬಂದವರು ನೋಡುವುದಿಲ್ಲ. ಇಡಗುಂಜಿಯಲ್ಲಿ ಗಣಪ ನಿಂತಿರುವ ಗಣಪ, ಎರಡೇ ಕೈ, ಒಂದರಲ್ಲಿ ಮೋದಕ. ಅವನೂ ನಮ್ಮ ಹಾಗೆ ಕಾದು ನಿಂತಿದ್ದಾನೆ ಅನ್ನಿಸಿಬಿಡುತ್ತದೆ. ಆ ಕೆಲವು ಸೆಕೆಂಡ್ ಗಡಿಯಾರದ ಲೆಕ್ಕಕ್ಕೆ ಬರುವುದಿಲ್ಲ. ಹೊರಗೆ ಬಂದು ಪಂಚಕಜ್ಜಾಯ ಕೈಗೆ ಬಿದ್ದಾಗ ನೆನಪಾಗುತ್ತದೆ, ಕೇಳಬೇಕು ಅಂದುಕೊಂಡಿದ್ದನ್ನು ಕೇಳಲೇ ಇಲ್ಲ ಅಂತ. ಪಂಚಕಜ್ಜಾಯವನ್ನೂ ಬಾಯಿಗೆ ಹಾಕುವ ಹಾಗಿಲ್ಲ, ಚಂದ್ರ ಬರಬೇಕು. ಪೊಟ್ಟಣ ಕಟ್ಟಿ ಚೀಲಕ್ಕೆ.

ಇನ್ನೊಂದು ವಿಚಿತ್ರ. ಅವತ್ತು ಅಷ್ಟು ಉದ್ದ ಅನ್ನಿಸಿದ ದಿನ ಆಮೇಲೂ ಉದ್ದವಾಗಿಯೇ ನೆನಪಿರುತ್ತದೆ. ಕಳೆದ ತಿಂಗಳು ಒಂದು ಬುಧವಾರ ಏನು ಮಾಡಿದಿರಿ ಅಂದರೆ ಹೇಳಲು ಬರುವುದಿಲ್ಲ. ಒಂದರ ಹಾಗೆ ಇನ್ನೊಂದು, ಎಲ್ಲ ಸೇರಿ ಮುದ್ದೆಯಾಗಿರುತ್ತವೆ. ತಿಂಗಳು ಬೇಗ ಓಡಿತು ಅನ್ನಿಸುವುದು ಅದಕ್ಕೇ. ಸಂಕಷ್ಟಿ ದಿನದ್ದು ಮಾತ್ರ ಬೆಳಗ್ಗೆಯಿಂದ ರಾತ್ರಿವರೆಗೂ ಬಿಡಿಬಿಡಿಯಾಗಿ ನೆನಪಿರುತ್ತದೆ. ವರ್ಷಕ್ಕೆ ಇಂಥವು ಹನ್ನೆರಡು. 2023ರಂತೆ ಅಧಿಕ ಮಾಸ ಬಂದ ವರ್ಷ ಇನ್ನೊಂದು ಜಾಸ್ತಿ.

ಅಮೆರಿಕದಲ್ಲಿರುವ ನಮ್ಮವರ ಪಾಡು ಬೇರೆಯೇ. ಚಂದ್ರ ಹುಟ್ಟುವಾಗ ಚೌತಿ ಇರಬೇಕಲ್ಲ, ಹಾಗಾಗಿ ಇಲ್ಲಿಯ ಕ್ಯಾಲೆಂಡರ್ ನೋಡಿ ಉಪವಾಸ ಮಾಡಿದರೆ ಒಮ್ಮೊಮ್ಮೆ ತಾರೀಖೇ ತಪ್ಪಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಎಂಟರ ಮೇಲೆ, ಚಂದ್ರೋದಯ ಹನ್ನೊಂದು ದಾಟುವುದೂ ಉಂಟು. ಮಗಳು ವಿಡಿಯೋ ಕಾಲಿನಲ್ಲಿ ‘ಅಮ್ಮಾ, ಇನ್ನೂ ಬಂದಿಲ್ಲ’ ಅಂದರೆ ಇಲ್ಲಿ ಮರುದಿನದ ತಿಂಡಿ ತಿನ್ನುತ್ತಿರುವ ಅಮ್ಮನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ನಮ್ಮಲ್ಲಿ ತಲೆನೋವು ಅಂದರೆ ಮಳೆಗಾಲ. ಆಷಾಢ, ಶ್ರಾವಣದಲ್ಲಿ ಕರಾವಳಿ, ಮಲೆನಾಡಿನ ಕಡೆ ಚಂದ್ರ ಕಾಣುವುದೇ ಅಪರೂಪ. ಪಂಚಾಂಗದ ಹೊತ್ತು ನೋಡಿಕೊಂಡು ಪೂರ್ವಕ್ಕೆ ತಿರುಗಿ ಅರ್ಘ್ಯ ಕೊಟ್ಟು ಊಟ ಮಾಡಬಹುದು ಅನ್ನುವುದು ಹೆಚ್ಚಿನ ಮನೆಗಳ ರೂಢಿ. ನಾನೂ ಅದರ ಪರ. ಮೋಡದ ಹಿಂದೆಯೂ ಅವನು ಇದ್ದೇ ಇರುತ್ತಾನಲ್ಲ. ಆದರೂ ಛತ್ರಿ ಹಿಡಿದು ಟೆರೇಸಿನಲ್ಲಿ ‘ಇನ್ನೊಂದು ಐದು ನಿಮಿಷ ನೋಡೋಣ’ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಆ ಐದು ನಿಮಿಷ ಯಾವತ್ತೂ ಐದಾಗಿದ್ದಿಲ್ಲ.

ಮತ್ತೆ ಒಂದು ಮೋಡ ಸರಿಯುತ್ತದೆ. ‘ಬಂತು, ಬಂತು!’ ತಾಮ್ರದ ಚೊಂಬು, ಹಾಲು, ಅಕ್ಷತೆ, ಕೆಂಪು ಹೂವು, ಅರ್ಘ್ಯ, ನಮಸ್ಕಾರ. ಎಲ್ಲರೂ ಒಟ್ಟಿಗೆ ಮೆಟ್ಟಿಲಿಳಿದು ಎಲೆ ಮುಂದೆ. ಇಡೀ ದಿನ ಕಾದ ಊಟ ಹತ್ತು ನಿಮಿಷಕ್ಕೆ ಮುಗಿದಿರುತ್ತದೆ, ಸಾರಿಗೆ ಉಪ್ಪು ಕಡಿಮೆ ಇತ್ತು ಅಂತ ಕೈ ತೊಳೆಯುವಾಗ ಯಾರಿಗೋ ಹೊಳೆಯುತ್ತದೆ. ಗಡಿಯಾರವನ್ನು ಬೆಳಗ್ಗೆಯಿಂದ ನೋಡದೇ ಇದ್ದ ಹೊತ್ತು ಅಂದರೆ ಇದೊಂದೇ. ಆಮೇಲೆ ಅಡುಗೆಮನೆಯಿಂದ ಕೂಗು: ‘ಗಂಟೆ ಹನ್ನೊಂದಾಯ್ತು, ನಾಳೆ ದೋಸೆಗೆ ಯಾರಾದ್ರೂ ಅಕ್ಕಿ ನೆನೆಹಾಕಿದ್ರಾ?’