ಸಬ್‌ಟೈಟಲ್‌ನಲ್ಲಿ ಕಾಣದ ‘ನೀವು’

ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಪಾಠ ಮಾಡುತ್ತೇನೆ. ಚಿಕ್ಕ ಊರು, ಸುತ್ತಲೂ ಮೆಕ್ಕೆಜೋಳದ ಹೊಲ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಮ್ಮ ವಿಭಾಗದವರು ಫ್ರೆಂಚ್ ಚಿತ್ರೋತ್ಸವ ಮಾಡುತ್ತೇವೆ. ಮೂರು ವಾರ, ಆರು ಸಿನಿಮಾ, ಟಿಕೆಟ್ ಇಲ್ಲ, ಊರಿನವರೂ ಬರಬಹುದು. ಅಮೆರಿಕದ ಕಾಲೇಜುಗಳಿಗೆ ಇದಕ್ಕೆಂದೇ ಅನುದಾನ ಸಿಗುತ್ತದೆ. ಫ್ರೆಂಚ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆ ವಿಲ್ಲಾ ಆಲ್ಬರ್ಟೀನ್ ಮತ್ತು ಫೇಸ್ ಫೌಂಡೇಶನ್ ಸೇರಿ ಕೊಡುತ್ತವೆ. ಆ ಯೋಜನೆಗೆ ಈಗ ಆಲ್ಬರ್ಟೀನ್ ಸಿನೆಮಾತೆಕ್ ಅಂತ ಹೆಸರು. ಮೊದಲು ‘ತೂರ್ನೆ’ ಅಂತಿತ್ತು. ನಮ್ಮ ವಿಭಾಗದ ಹಳಬರ ಬಾಯಲ್ಲಿ ಈಗಲೂ ಅದೇ ಹೆಸರು.

ನಾನು ಸೇರಿದ ಎರಡನೇ ವರ್ಷ ಉತ್ಸವದ ಜವಾಬ್ದಾರಿ ನನ್ನ ಕೈಗೆ ಬಂತು. ತುಂಬಾ ಶ್ರದ್ಧೆಯಿಂದ ತಯಾರಿ ಮಾಡಿಕೊಂಡೆ. ಪ್ರತಿ ಸಿನಿಮಾಗೂ ನಾಲ್ಕು ಪುಟದ ಹಾಳೆ. ಅದರಲ್ಲಿ ನಲವತ್ತು ಪದ, ಕಥೆಯ ಬಗ್ಗೆ ಹದಿನೈದು ಪ್ರಶ್ನೆ. ವಿದ್ಯಾರ್ಥಿಗಳು ಅದನ್ನು ತುಂಬಿ ಕೊಟ್ಟರೆ ಅಂಕ.

ಮೊದಲ ರಾತ್ರಿ ‘ಆಂತ್ರ್ ಲೆ ಮ್ಯೂರ್’ ಹಾಕಿದೆವು. 2008ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಡೆದ ಸಿನಿಮಾ. ಪ್ಯಾರಿಸ್ಸಿನ ಒಂದು ಶಾಲೆ, ಒಬ್ಬ ಮೇಷ್ಟ್ರು, ಬೇರೆ ಬೇರೆ ದೇಶಗಳಿಂದ ಬಂದ ಮನೆಗಳ ಮಕ್ಕಳು. ದೀಪ ಆರಿದ ಎರಡೇ ನಿಮಿಷಕ್ಕೆ ಸಭಾಂಗಣದ ತುಂಬ ಮೊಬೈಲ್ ಬೆಳಕು. ಎಲ್ಲರೂ ತಲೆ ಬಗ್ಗಿಸಿ ಹಾಳೆ ತುಂಬುತ್ತಿದ್ದರು. ಆಗೊಮ್ಮೆ ಈಗೊಮ್ಮೆ ತಲೆ ಎತ್ತಿ ಇಂಗ್ಲಿಷ್ ಸಬ್‌ಟೈಟಲ್ ಓದುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ತೆರೆಯ ಮೇಲೆ ಮಾಲಿ ಮೂಲದ ಹುಡುಗ ಸುಲೇಮಾನ್ ಮೇಷ್ಟ್ರ ಜೊತೆ ಜಗಳಕ್ಕೆ ನಿಂತ. ಸಿಟ್ಟಿನಲ್ಲಿ ಮೇಷ್ಟ್ರಿಗೇ ‘ತು’, ಅಂದರೆ ನೀನು, ಅಂದುಬಿಟ್ಟ. ನನಗೆ ಎದೆ ಝಲ್ ಅಂತು. ನನ್ನ ಮುಂದಿನ ಸಾಲಿನಲ್ಲಿ ಪೆನ್ನು ಸರಸರ ಓಡುತ್ತಲೇ ಇತ್ತು.

ಸಿನಿಮಾ ಮುಗಿದ ಮೇಲೆ ಚರ್ಚೆ. ಫ್ರಾನ್ಸಿನಲ್ಲಿ ಇದು ಹಳೆಯ ರೂಢಿ. ಸಿನಿಮಾ ಕ್ಲಬ್ಬಿನಲ್ಲಿ ಚಿತ್ರ ನೋಡಿ ಹಾಗೇ ಎದ್ದು ಹೋಗುವುದಿಲ್ಲ, ಕೂತು ವಾದ ಮಾಡುತ್ತಾರೆ. ನಮ್ಮಲ್ಲಿ ಅವತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಕೈ ಎತ್ತಿದರು. ಫ್ರಾನ್ಸಿನಲ್ಲಿ ಹುಟ್ಟಿ, ಮದುವೆಯಾಗಿ ಈ ಊರಿಗೆ ಬಂದವರು. ‘ಆ ಹುಡುಗ ಮೇಷ್ಟ್ರಿಗೆ ತು ಅಂದಾಗ ನಿಮಗೆಲ್ಲ ಏನನ್ನಿಸಿತು?’ ಅಂತ ಕೇಳಿದರು.

ಯಾರಿಗೂ ಏನೂ ಅನ್ನಿಸಿರಲಿಲ್ಲ. ಅನ್ನಿಸುವುದಾದರೂ ಹೇಗೆ? ‘ತು’ ಇರಲಿ, ಗೌರವದ ‘ವೂ’ ಇರಲಿ, ಸಬ್‌ಟೈಟಲ್‌ನಲ್ಲಿ ಎರಡಕ್ಕೂ ‘ಯೂ’ ಒಂದೇ. ಹುಡುಗ ಶಾಲೆಯಿಂದಲೇ ಹೊರಬೀಳುವಷ್ಟು ಬೆಳೆಯುವ ಗಲಾಟೆ ಅದು. ಅದರಲ್ಲಿ ಆ ಒಂದು ಅಕ್ಷರಕ್ಕೂ ಪಾಲಿದೆ. ನಮ್ಮ ಮಕ್ಕಳ ಪಾಲಿಗೆ ಅದು ನಡೆದೇ ಇರಲಿಲ್ಲ. ನನ್ನ ಹದಿನೈದು ಪ್ರಶ್ನೆಗಳಲ್ಲೂ ಅದು ಇರಲಿಲ್ಲ.

ಯಾಕಿರಲಿಲ್ಲ ಅಂತ ಅವತ್ತು ರಾತ್ರಿ ತುಂಬಾ ಯೋಚಿಸಿದೆ. ನನಗೆ ಅದು ಎಷ್ಟು ಸಹಜವಾಗಿ ಕೇಳಿಸುತ್ತದೆ ಅಂದರೆ, ಹೇಳಿಕೊಡಬೇಕು ಅಂತಲೇ ಹೊಳೆದಿರಲಿಲ್ಲ. ನಾನು ಫ್ರೆಂಚ್ ಕಲಿತದ್ದು ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ. ‘ತು’ ಅಂದರೆ ನೀನು, ‘ವೂ’ ಅಂದರೆ ನೀವು ಅಂತ ಮೊದಲ ವಾರವೇ ತಿಳಿಯಿತು, ಅಲ್ಲಿಗೆ ಆ ಪಾಠ ಮುಗಿಯಿತು. ಮೇಷ್ಟ್ರಿಗೆ ನೀನು ಅಂದರೆ ಏನಾಗುತ್ತದೆ ಅಂತ ಕನ್ನಡದ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಒಬ್ಬರಿಗೆ ಗೌರವ ಕೊಡುವಾಗಲೂ ನೀವು, ನಾಲ್ಕು ಜನರನ್ನು ಕರೆಯುವಾಗಲೂ ನೀವು. ಫ್ರೆಂಚಿನಲ್ಲೂ ಹಾಗೇ. ಇಂಗ್ಲಿಷ್ ಒಂದನ್ನೇ ಆಡಿಕೊಂಡು ಬೆಳೆದ ಮಕ್ಕಳ ಕಿವಿಗೆ ಈ ದಾರಿ ಹೊಸದು. ಅದನ್ನು ನಾನೇ ತೆರೆದು ತೋರಿಸಬೇಕಿತ್ತು.

ಮರುದಿನ ಹಾಳೆಗಳನ್ನೆಲ್ಲ ತೆಗೆದಿಟ್ಟೆ. ಬೋರ್ಡಿನ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ‘ನೀನು’, ‘ನೀವು’ ಅಂತ ಬರೆದೆ. ನಮ್ಮ ಮನೆಯ ಕಥೆ ಹೇಳಿದೆ. ಅಮ್ಮನಿಗೆ ನೀನು ಅಂತೀವಿ, ಅಪ್ಪನಿಗೆ ನೀವು. ಹಾಗಂತ ಅಮ್ಮನ ಮೇಲೆ ಗೌರವ ಕಮ್ಮಿ ಅಂತ ಅಲ್ಲ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಒಬ್ಬ ಹುಡುಗ ತಕ್ಷಣ ತಲೆ ಆಡಿಸಿದ. ಉಳಿದವರು ಕೇಳಿದ ಪ್ರಶ್ನೆಗಳಿಗೆ ಆ ಪೀರಿಯಡ್ಡೇ ಸಾಲಲಿಲ್ಲ.

ಆಮೇಲೆ ಒಂದು ಅಭ್ಯಾಸ ಶುರುಮಾಡಿದೆ. ಸಿನಿಮಾಗೆ ಮೊದಲು ಕ್ಲಾಸಿನಲ್ಲಿ ಮೂರೇ ನಿಮಿಷದ ಒಂದು ತುಣುಕು, ಸಬ್‌ಟೈಟಲ್ ಇಲ್ಲದೆ. ‘ತು’ ಕೇಳಿಸಿದರೆ ಎಡಗೈ ಎತ್ತಬೇಕು, ‘ವೂ’ ಕೇಳಿಸಿದರೆ ಬಲಗೈ. ಅರ್ಥ ಆಗದಿದ್ದರೂ ಪರವಾಗಿಲ್ಲ. ಮೊದಲ ಸಲ ಕೈಗಳು ಅನುಮಾನದಲ್ಲೇ ಅರ್ಧ ಏಳುತ್ತವೆ. ಮೂರನೇ ಸಲಕ್ಕೆ ಕತ್ತಲಲ್ಲಿ ಇಪ್ಪತ್ತು ಬಲಗೈ ಒಟ್ಟಿಗೆ ಮೇಲೇಳುತ್ತವೆ. ಆಮೇಲೆ ಎಲ್ಲೋ ಒಂದು ಮಾತಿಗೆ ಎಲ್ಲ ಬಲಗೈ ಇಳಿದು ಎಡಗೈ ಏಳುತ್ತವೆ. ಆಗ ತುಣುಕು ನಿಲ್ಲಿಸಿ ಕೇಳುತ್ತೇನೆ: ಈಗ ಇವರಿಬ್ಬರ ನಡುವೆ ಏನಾಯಿತು? ಪದ ಗೊತ್ತಿಲ್ಲದವರೂ ಉತ್ತರ ಹೇಳುತ್ತಾರೆ. ಜಗಳವಾಯಿತು, ಸ್ನೇಹವಾಯಿತು, ಪ್ರೀತಿ ಶುರುವಾಯಿತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಖುಷಿ ಕೊಟ್ಟ ಮೂರು ನಿಮಿಷ ಬೇರೆ ಇಲ್ಲ.

ಕಿವಿ ಒಮ್ಮೆ ತೆರೆಯಿತು ಅಂದರೆ ಬೇರೆಯದೂ ಒಳಗೆ ಬರುತ್ತದೆ. ನನಗೆ ಗೊತ್ತಿಲ್ಲ ಅನ್ನುವುದಕ್ಕೆ ಪುಸ್ತಕದಲ್ಲಿ ‘ಜು ನು ಸೇ ಪಾ’ ಅಂತಿದೆ. ಸಿನಿಮಾದಲ್ಲಿ ‘ಶೇ ಪಾ’ ಅಂತ ಕೇಳಿಸುತ್ತದೆ. ‘ಇದು ತಪ್ಪಲ್ವಾ?’ ಅಂತ ಕೇಳುತ್ತಾರೆ. ತಪ್ಪಲ್ಲ. ನಾವು ‘ಮಾಡುತ್ತೇನೆ’ ಅಂತ ಬರೆದು ‘ಮಾಡ್ತೀನಿ’ ಅಂತ ಆಡುವುದಿಲ್ಲವೇ, ಹಾಗೆ.

ಇನ್ನೊಂದು ವರ್ಷ 1959ರ ‘ಲೆ ಕಾತ್ರ್ ಸಾಂ ಕೂ’ ಹಾಕಿದೆವು. ಪದಕ್ಕೆ ಪದ ಇಟ್ಟರೆ ‘ನಾನೂರು ಏಟು’. ಇಂಗ್ಲಿಷಿನಲ್ಲೂ ಹಾಗೇ ಹೆಸರಿಟ್ಟಿದ್ದಾರೆ. ಸಿನಿಮಾ ಮುಗಿದ ಮೇಲೆ ಒಬ್ಬ ಹುಡುಗ ಬಂದು, ಏಟು ಎಣಿಸುತ್ತಲೇ ಇದ್ದೆ, ನಾನೂರು ಎಲ್ಲಿದೆ ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಅದು ಫ್ರೆಂಚಿನ ಒಂದು ನುಡಿಗಟ್ಟು, ಹೇಳಿದ ಮಾತು ಕೇಳದೆ ಮಾಡಬಾರದ್ದನ್ನೆಲ್ಲ ಮಾಡಿಕೊಂಡು ತಿರುಗುವುದು ಅಂತ ಅರ್ಥ. ‘ಗೆಳೆಯ ಕೈಕೊಟ್ಟ’ ಅನ್ನುವುದನ್ನು ಪದಕ್ಕೆ ಪದ ಇಂಗ್ಲಿಷಿಗೆ ಮಾಡಿದರೆ ಏನಾಗುತ್ತದೋ ಇಲ್ಲೂ ಅದೇ ಆಗಿದೆ. ಆ ಹುಡುಗ ಈಗಲೂ ಸಿಕ್ಕಾಗಲೆಲ್ಲ ಹೊಸದೊಂದು ನುಡಿಗಟ್ಟು ಹೇಳಿ ಹೋಗುತ್ತಾನೆ.

ಸಿನಿಮಾ ಶುರುವಾಗುವ ಮೊದಲು ಅಷ್ಟೊಂದು ಲೋಗೋ ಯಾಕೆ ಬರುತ್ತವೆ ಅಂತಲೂ ಕೇಳುತ್ತಾರೆ. ಅವುಗಳಲ್ಲಿ ಸಿಎನ್‌ಸಿ ಒಂದು, 1946ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ. ಫ್ರಾನ್ಸಿನಲ್ಲಿ ಮಾರಾಟವಾಗುವ ಪ್ರತಿ ಸಿನಿಮಾ ಟಿಕೆಟ್ಟಿನಿಂದ ಶೇ. 10.72ರಷ್ಟು ಅದಕ್ಕೆ ಹೋಗುತ್ತದೆ. ಹಾಲಿವುಡ್ ಸಿನಿಮಾದ ಟಿಕೆಟ್ಟಿನಿಂದಲೂ ಸೇರಿದ ದುಡ್ಡು ಫ್ರೆಂಚ್ ಸಿನಿಮಾಗಳಿಗೆ ಸಹಾಯವಾಗುತ್ತದೆ. ಇದನ್ನು ಕೇಳಿದಾಗ ಅಮೆರಿಕದ ಮಕ್ಕಳ ಕಣ್ಣು ಅರಳುತ್ತದೆ.

ಆ ಹಿರಿಯರು ಆವತ್ತಿನಿಂದ ಒಂದು ಸಿನಿಮಾವನ್ನೂ ತಪ್ಪಿಸಿಲ್ಲ. ಚರ್ಚೆಯ ಹೊತ್ತಿಗೆ ಮಕ್ಕಳ ನಡುವೆ ಬಂದು ಕೂರುತ್ತಾರೆ. ಒಮ್ಮೆ ತಮ್ಮ ಬಾಲ್ಯದ ಪ್ರಾರ್ಥನೆ ಹೇಳಿದರು. ಅದರಲ್ಲಿ ದೇವರಿಗೂ ‘ವೂ’. 1966ರಲ್ಲಿ ಆ ಪ್ರಾರ್ಥನೆಯನ್ನು ಬದಲಿಸಿ ‘ತು’ ಮಾಡಿದರು. ‘ನನ್ನ ತಾಯಿ ಸಾಯುವ ತನಕ ಹಳೆಯದನ್ನೇ ಹೇಳಿದಳು’ ಅಂದರು. ನಮ್ಮ ವಚನಕಾರರು ಎಂಟುನೂರು ವರ್ಷಗಳ ಹಿಂದೆಯೇ ದೇವರಿಗೆ ನೀನು ಅಂದಿದ್ದರು ಅಂತ ನಾನು ಹೇಳಿದೆ. ಅವರು ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ, ಒಂದು ವಚನ ಕನ್ನಡದಲ್ಲೇ ಓದಿ ಕೇಳಿಸಿ ಅಂದರು. ಓದಿದೆ.

ಈ ವರ್ಷದ ಕೊನೆಯ ಸಿನಿಮಾ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದೆವು. ಅವರು ನನ್ನ ತೋಳು ಹಿಡಿದು, ‘ಇಷ್ಟು ವರ್ಷವಾಯಿತು. ಇನ್ನು ಮೇಲೆ ನಾವು ತು ಅನ್ನೋಣ, ನಿನಗೆ ಇಷ್ಟ ತಾನೇ?’ ಅಂತ ಫ್ರೆಂಚಿನಲ್ಲಿ ಕೇಳಿದರು. ಪಕ್ಕದಲ್ಲಿ ನಿಂತಿದ್ದ ನನ್ನ ವಿದ್ಯಾರ್ಥಿನಿಯ ಎಡಗೈ ತಾನಾಗೇ ಮೇಲೆ ಹೋಯಿತು. ನನಗೆ ಕಣ್ಣು ತುಂಬಿ ಬಂತು. ಖಂಡಿತ ಅನ್ನೋಣ ಅಂದೆ, ಥ್ಯಾಂಕ್ಸ್ ಹೇಳಿದೆ. ಆದರೆ ಅಮ್ಮನಿಗಿಂತ ದೊಡ್ಡವರು, ಹೊರಗಿನವರು. ಎಷ್ಟು ಪ್ರಯತ್ನಪಟ್ಟರೂ ನಾಲಿಗೆ ಹೊರಳಲಿಲ್ಲ. ನನ್ನ ಮುಂದಿನ ಮಾತು ‘ವೂ’ ಅಂತಲೇ ಬಂತು.

ಹುಡುಗಿ ಕಾಫಿ ಲೋಟ ಎಡಗೈಗೆ ಬದಲಿಸಿಕೊಂಡು ಮೆಲ್ಲಗೆ ಬಲಗೈ ಎತ್ತಿದಳು.